ಒಂದು ಚೀಲ ಸಿಮೆಂಟು, ಒಂದು ಫರ್ಸಿ ಬರ್ಫು

ಈ ಮಾತುಗಳನ್ನು ಆಡಿದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ, ಕಲಬುರಗಿಯ ಒಂದು ಕಾಲೇಜಿನ ಸಭಾಂಗಣದಲ್ಲಿ. ಬಿಸಿಲು ಏರುವ ಮೊದಲೇ ಮುಗಿಯಲಿ ಅಂತ ಬೆಳಿಗ್ಗೆ ಎಂಟೂವರೆಗೇ ಕರೆದಿದ್ದರು. ಶುರುವಾಗಿ ಇಪ್ಪತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಎರಡು ರಾತ್ರಿ ಕೂತು ಮಾಡಿದ್ದ ಸ್ಲೈಡುಗಳು ಕಂಪ್ಯೂಟರಿನಲ್ಲೇ ಉಳಿದವು. ಆಮೇಲೆ ಬರೀ ಬಾಯಿಮಾತು. ನಿಜ ಹೇಳಬೇಕೆಂದರೆ ಜನ ಕಿವಿಗೊಟ್ಟು ಕೇಳಿದ್ದು ಆಗಿನಿಂದಲೇ. ನೆನಪಿದ್ದಷ್ಟನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಬರೆದಿದ್ದೇನೆ.

ಎಲ್ಲರಿಗೂ ಶರಣು.

ನನಗೆ ಕೊಟ್ಟ ವಿಷಯ ಹಿಮಕರಡಿ. ಆಹ್ವಾನದ ಕಾರ್ಡು ನೋಡಿ ನಮ್ಮ ಓಣಿಯ ಕಾಕಾ ಒಬ್ಬರು ನಿನ್ನೆ ನಕ್ಕೇಬಿಟ್ಟರು. "ಸರ, ಊರಾಗ ನಲವತ್ಮೂರು ಡಿಗ್ರಿ ಬಿಸಲದ. ನೀವು ಬರ್ಫಿನ ಕರಡಿ ಮ್ಯಾಲ ಭಾಷಣ ಮಾಡ್ಲಾಕ ಹೊಂಟೀರಿ?" ಅಂದರು. ನಾನೂ ನಕ್ಕೆ. ಏಪ್ರಿಲ್, ಮೇ ಬಂದರೆ ನಮ್ಮಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಅಂಥ ಊರಿನಲ್ಲಿ ನಿಂತು ಹಿಮದ ಮಾತಾಡುವುದು ತಮಾಷೆಯೇ. ಆದರೆ ಬಿಸಿಲು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಉಪವಾಸ ಅಂದರೆ ಏನು ಅಂತಲೂ ಹೇಳಿಕೊಡಬೇಕಿಲ್ಲ. ಈ ಕರಡಿಯ ಕಥೆ ತಿಳಿಯೋಕೆ ಇವೆರಡು ಸಾಕು.

ಮೊದಲೇ ಹೇಳಿಬಿಡುತ್ತೇನೆ, ನಾನು ಹಿಮಕರಡಿಯನ್ನು ಕಣ್ಣಾರೆ ನೋಡಿದವನಲ್ಲ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ್ದೇನೆ, ಅಷ್ಟೇ. ನಾನು ಹತ್ತಿರದಿಂದ ನೋಡಿದ್ದು ನಮ್ಮ ಕಪ್ಪು ಕರಡಿ. ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ಕರಡಿ ಆಡಿಸುವವರು ನಮ್ಮ ಹಳ್ಳಿಗೆ ಬರುತ್ತಿದ್ದರು. ಕರಡಿಯ ಮೂಗಿಗೆ ಹಗ್ಗ, ಅವರ ಕೈಯಲ್ಲಿ ಒಂದು ಕೋಲು. ಅವ್ವ ಒಂದು ಸೇರು ಜೋಳ ಕೊಟ್ಟು ನಾಲ್ಕು ಕೂದಲು ಇಸಕೊಂಡು ನನ್ನ ಕೊರಳಿಗೆ ತಾಯತ ಕಟ್ಟಿದ್ದಳು, ಹುಡುಗ ರಾತ್ರಿ ಬೆದರಬಾರದು ಅಂತ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಅದು ಬಂದ ಮೇಲೂ ಈ ಆಟ ವರ್ಷಗಟ್ಟಲೆ ನಡೆಯಿತು. ಆ ಕುಟುಂಬಗಳಿಗೆ ಬೇರೆ ದುಡಿಮೆಯ ದಾರಿ ಮಾಡಿಕೊಟ್ಟ ಮೇಲೆಯೇ ಅದು ನಿಂತದ್ದು. ಬರೀ ಕಾಯ್ದೆಯಿಂದ ಕರಡಿ ಉಳಿಯಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಹಿಮಕರಡಿಗೂ ಮೊದಲು ಬಂದ ಕುತ್ತು ಮನುಷ್ಯನ ಕೈಯಿಂದಲೇ. ಚರ್ಮಕ್ಕಾಗಿ, ಮೋಜಿಗಾಗಿ ವಿಮಾನದಲ್ಲಿ ಹೋಗಿ ಬೇಟೆ ಆಡುತ್ತಿದ್ದರು. ಕೊನೆಗೆ 1973ರ ನವೆಂಬರ್‌ನಲ್ಲಿ ನಾರ್ವೆಯ ಓಸ್ಲೋದಲ್ಲಿ ಐದು ದೇಶಗಳು ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಕೆನಡಾ, ಅಮೆರಿಕ, ಸೋವಿಯತ್ ಒಕ್ಕೂಟ, ನಾರ್ವೆ ಮತ್ತು ಗ್ರೀನ್‌ಲ್ಯಾಂಡಿನ ಪರವಾಗಿ ಡೆನ್ಮಾರ್ಕ್. ಆಗ ಶೀತಲ ಸಮರ ನಡೆಯುತ್ತಿದ್ದ ಕಾಲ. ಅಣುಬಾಂಬು ಹಿಡಿದು ಎದುರುಬದುರು ನಿಂತಿದ್ದವರು ಕರಡಿಯ ವಿಷಯದಲ್ಲಿ ಮಾತ್ರ ಒಂದೇ ಕಾಗದಕ್ಕೆ ಸಹಿ ಹಾಕಿದರು. ನನಗೆ ಇದು ಯಾವಾಗ ನೆನಪಾದರೂ ಖುಷಿಯಾಗುತ್ತದೆ. ಬೇಟೆಗೆ ಕಡಿವಾಣ ಬಿದ್ದ ಮೇಲೆ ಬಹಳ ಕಡೆ ಕರಡಿಗಳು ಚೇತರಿಸಿಕೊಂಡವು. ಈಗ ಜಗತ್ತಿನಲ್ಲಿ ಸುಮಾರು 26,000 ಇವೆ ಅನ್ನುವುದು ಒಂದು ಅಂದಾಜು. ಅದರಲ್ಲಿ ಮೂರರಲ್ಲಿ ಎರಡು ಪಾಲು ಕೆನಡಾದಲ್ಲೇ.

ಹಾಗಾದರೆ ಇನ್ನೇನು ತೊಂದರೆ? ಬಂದೂಕು ಹಿಡಿದವನನ್ನು ತಡೆಯಬಹುದು, ಅವನಿಗೊಂದು ಹೆಸರಿದೆ, ಊರಿದೆ. ಈಗ ಬಂದಿರುವುದು ಹೊಗೆ, ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್. ಅದಕ್ಕೆ ಹೆಸರಿಲ್ಲ, ಊರಿಲ್ಲ.

ಬಹಳ ಜನ ತಿಳಿದಿರುವುದು ಏನೆಂದರೆ, ಸೆಕೆ ತಡೆಯಲಾರದೆ ಹಿಮಕರಡಿ ಸಾಯುತ್ತದೆ ಅಂತ. ನಾವು ಮೇ ತಿಂಗಳಲ್ಲಿ ಒದ್ದಾಡುತ್ತೇವಲ್ಲ, ಹಾಗೆ. ಅದಲ್ಲ. ಕರಡಿಯ ಕಷ್ಟ ಹೊಟ್ಟೆಯದು.

ಇದರ ಊಟ ಸೀಲ್. ಕಡಲಿನಲ್ಲಿ ಬದುಕುವ, ಮೈತುಂಬ ಕೊಬ್ಬು ತುಂಬಿಕೊಂಡಿರುವ ಪ್ರಾಣಿ ಅದು. ನೀರಿನಲ್ಲಿ ಸೀಲ್‌ನ ಬೆನ್ನು ಹತ್ತಿ ಹಿಡಿಯುವುದು ಕರಡಿಯ ಕೈಲಾಗದ ಕೆಲಸ. ಆದರೆ ಸೀಲ್ ಉಸಿರಾಡಲು ಮೇಲೆ ಬರಲೇಬೇಕು. ಕಡಲ ಮೇಲೆ ಮಂಜುಗಡ್ಡೆ ಹೆಪ್ಪುಗಟ್ಟಿದಾಗ ಅದರಲ್ಲಿ ಕಿಂಡಿ ಮಾಡಿಕೊಂಡು ಉಸಿರು ತೆಗೆದುಕೊಳ್ಳುತ್ತದೆ. ಕರಡಿ ಆ ಕಿಂಡಿಯ ಪಕ್ಕ ಸುಮ್ನೆ ಕೂತಿರುತ್ತದೆ, ಗಂಟೆಗಟ್ಟಲೆ. ಕೆರೆಯ ದಂಡೆಯ ಬೆಳ್ಳಕ್ಕಿ ನೆನಪಿಸಿಕೊಳ್ಳಿ. ಮಂಜುಗಡ್ಡೆ ಇಲ್ಲದಿದ್ದರೆ ಕಿಂಡಿ ಇಲ್ಲ, ಕಿಂಡಿ ಇಲ್ಲದಿದ್ದರೆ ಊಟ ಇಲ್ಲ. ಹೊಲವೇ ಕರಗಿ ಹೋದರೆ ರೈತ ಏನು ಮಾಡಬೇಕು? ಕರಡಿಗೆ ಮಂಜುಗಡ್ಡೆಯೇ ಹೊಲ.

ಕೆನಡಾದ ಹಡ್ಸನ್ ಕೊಲ್ಲಿಯಲ್ಲಿ ಬೇಸಿಗೆಗೆ ಮಂಜುಗಡ್ಡೆ ಪೂರ್ತಿ ಕರಗುತ್ತದೆ. ಮೊದಲಿನಿಂದಲೂ ಹಾಗೇ. ಆಗ ಕರಡಿಗಳು ದಡಕ್ಕೆ ಬಂದು ಉಪವಾಸ ಇರುತ್ತವೆ, ಮತ್ತೆ ಕಡಲು ಹೆಪ್ಪುಗಟ್ಟುವ ತನಕ. ಅಂದರೆ ಉಪವಾಸ ಅವಕ್ಕೆ ಹೊಸದಲ್ಲ. ನಮ್ಮಲ್ಲಿ ಶ್ರಾವಣ ಸೋಮವಾರ ಹಿಡಿಯುವವರಿದ್ದಾರೆ, ರೋಜಾ ಇರುವವರಿದ್ದಾರೆ. ಹಸಿವು ಅವರನ್ನು ಕೊಲ್ಲುವುದಿಲ್ಲ, ಯಾಕೆಂದರೆ ಬಿಡುವ ಹೊತ್ತು ಗೊತ್ತಿದೆ. ಹೊತ್ತು ಮುಳುಗಿದರೆ ಖರ್ಜೂರ ಸಿಗುತ್ತದೆ. ಕರಡಿಯ ವಿಷಯದಲ್ಲಿ ಆಗಿರುವುದು ಇದು: ಅದರ ಹೊತ್ತು ಮುಳುಗುವುದು ವರ್ಷದಿಂದ ವರ್ಷಕ್ಕೆ ತಡವಾಗುತ್ತಿದೆ. 1980ರ ದಶಕಕ್ಕೆ ಹೋಲಿಸಿದರೆ ಅಲ್ಲಿ ಉಪವಾಸದ ಕಾಲ ಸುಮಾರು ಮೂರು ವಾರ ಉದ್ದವಾಗಿದೆ. ಮೂರು ವಾರ ಅಷ್ಟೇನಾ ಅನ್ನಬೇಡಿ. ಈಗಾಗಲೇ ನಾಲ್ಕು ತಿಂಗಳು ಹಸಿದಿರುವ ಪ್ರಾಣಿಗೆ ಇದು ಮೇಲಿನ ಹೊರೆ.

ಪಶ್ಚಿಮ ಹಡ್ಸನ್ ಕೊಲ್ಲಿಯಲ್ಲಿ 1980ರ ದಶಕದಲ್ಲಿ ಸುಮಾರು 1,200 ಕರಡಿಗಳಿದ್ದವು. 2016ರ ಅಂದಾಜು 842. 2021ರದ್ದು 618.

ಬಸುರಿ ಕರಡಿಯ ಪಾಡು ಇನ್ನೂ ಬೇರೆ. ಅದು ದಡಕ್ಕೆ ಬಂದ ಮೇಲೆ ಗುಹೆ ತೋಡಿಕೊಂಡು ಚಳಿಗಾಲವನ್ನೂ ಅಲ್ಲೇ ಕಳೆಯಬೇಕು. ಹಡ್ಸನ್ ಕೊಲ್ಲಿಯ ತಾಯಿ ಕರಡಿ ಎಂಟು ತಿಂಗಳ ತನಕ ಏನೂ ತಿನ್ನದೆ ಇರಬಲ್ಲದು. ಆ ಎಂಟು ತಿಂಗಳಲ್ಲೇ ಹೆರಬೇಕು, ಮೊಲೆ ಉಣಿಸಬೇಕು. ಹುಟ್ಟಿದ ಮರಿ ಒಂದು ಕಿಲೋ ಕೂಡ ಇರುವುದಿಲ್ಲ, ಆರೇಳು ನೂರು ಗ್ರಾಂ. ಒಂದು ಸಣ್ಣ ಬೆಲ್ಲದ ಪೆಂಟೆಯಷ್ಟು. ಅದನ್ನು ದೊಡ್ಡದು ಮಾಡುವುದು ಹಾಲು. ನಮ್ಮ ಎಮ್ಮೆ ಹಾಲಿನಲ್ಲಿ ನೂರಕ್ಕೆ ಏಳು ಪಾಲು ಕೊಬ್ಬಿದ್ದರೆ ಡೇರಿಯವರು ಬೆನ್ನು ತಟ್ಟುತ್ತಾರೆ, ಅಲ್ವಾ? ಹಿಮಕರಡಿಯ ಹಾಲಿನಲ್ಲಿ ಮೂವತ್ತರ ಆಸುಪಾಸು. ಇಷ್ಟೂ ಕೊಬ್ಬು ತಾಯಿ ಮೊದಲೇ ಮೈಯಲ್ಲಿ ಕೂಡಿಟ್ಟದ್ದು. ವಸಂತದಲ್ಲಿ ಜೋಡಿ ಕೂಡಿದರೂ ಭ್ರೂಣ ತಿಂಗಳುಗಟ್ಟಲೆ ಬೆಳೆಯದೆ ಕಾಯುತ್ತದೆ. ತಾಯಿ ಸಾಕಷ್ಟು ಕೊಬ್ಬು ಗಳಿಸಿರದಿದ್ದರೆ ಗರ್ಭ ನಿಲ್ಲುವುದೇ ಇಲ್ಲ. ಅಂದರೆ ಕರಡಿಗಳು ಕಡಿಮೆಯಾಗುವುದು ನಮ್ಮ ಕಣ್ಣೆದುರು ಸತ್ತು ಬಿದ್ದು ಅಲ್ಲ. ಹುಟ್ಟದೆ ಕಡಿಮೆಯಾಗುತ್ತವೆ. ಫೋಟೋ ತೆಗೆಯೋಕೆ ಅಲ್ಲಿ ಏನೂ ಇರುವುದಿಲ್ಲ.

ಫೋಟೋ ಅಂದಾಗ ಒಂದು ಮಾತು. 2017ರಲ್ಲಿ ಒಂದು ಬಡಕಲು ಹಿಮಕರಡಿಯ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿತ್ತು. ಎಲುಬು ಕಾಣುತ್ತಿತ್ತು, ಕಾಲೆಳೆದುಕೊಂಡು ನಡೆಯುತ್ತಿತ್ತು. ಹವಾಮಾನ ಬದಲಾದರೆ ಹೀಗಿರುತ್ತದೆ ಅಂತ ಅದರ ಕೆಳಗೆ ಬರೆದಿದ್ದರು. ಅದಕ್ಕೆ ರೋಗವೋ ವಯಸ್ಸೋ ಗಾಯವೋ ಯಾರೂ ನೋಡಿರಲಿಲ್ಲ. ಅದನ್ನು ಹಂಚಿದ ಪತ್ರಿಕೆಯವರೇ ಮರುವರ್ಷ, ನಾವು ಸ್ವಲ್ಪ ಜಾಸ್ತಿ ಹೇಳಿದೆವು ಅಂತ ಒಪ್ಪಿಕೊಂಡರು. ಹೀಗೆ ಮಾಡಬಾರದು. ಒಂದು ಸಲ ಅಳಿಸಿ, ಆಮೇಲೆ ಸಿಕ್ಕಿಬಿದ್ದರೆ, ನಿಜ ಹೇಳುವವರನ್ನೂ ಜನ ನಂಬುವುದಿಲ್ಲ. ಎಲ್ಲಾ ಕಡೆ ಕರಡಿಗಳು ಕಡಿಮೆಯಾಗುತ್ತಿವೆ ಅನ್ನುವುದೂ ಸುಳ್ಳು. ಅಲಾಸ್ಕಾ ಮತ್ತು ರಷ್ಯಾದ ನಡುವಿನ ಚುಕ್ಚಿ ಸಮುದ್ರದಲ್ಲಿ ಅವು ಚೆನ್ನಾಗಿಯೇ ಇವೆ. ಅದರ ಪಕ್ಕದ ದಕ್ಷಿಣ ಬ್ಯೂಫೋರ್ಟ್ ಸಮುದ್ರದಲ್ಲಿ 2001ರಿಂದ 2010ರೊಳಗೆ ನೂರಕ್ಕೆ 40ರಷ್ಟು ಕಡಿಮೆಯಾದವು. ಒಂದು ಹೋಬಳಿಯಲ್ಲಿ ಮಳೆ, ಪಕ್ಕದ ಹೋಬಳಿಯಲ್ಲಿ ಬರ. ಇದು ನಮಗೆ ಹೊಸದೇನಲ್ಲ.

ಇಲ್ಲಿಗೆ ಬಂದಾಗ ಕರೆಂಟ್ ಹೋಯಿತು. ಫ್ಯಾನ್ ನಿಂತವು. ಎಲ್ಲರೂ ಕೈಯಲ್ಲಿದ್ದ ಕಾರ್ಡಿನಿಂದ ಗಾಳಿ ಬೀಸಿಕೊಳ್ಳತೊಡಗಿದರು. ಆಗ ಎರಡನೇ ಸಾಲಿನ ಹುಡುಗಿ ಎದ್ದು ನಿಂತು ಕೇಳಿದಳು: "ಸರ, ಸೀಲ್ ಸಿಗಲ್ಲಂದ್ರ ಬ್ಯಾರೆ ಏನರ ತಿಂದು ಬದುಕ್ಲಾಕ ಬರಲ್ಲೇನ್ರಿ? ನಮ್ಮ ಕರಡಿ ಗೆದ್ದಲ ತಿಂತದ, ಬಾರಿಹಣ್ಣು ತಿಂತದ."

ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದೇ. ಇದನ್ನು ಯಾರೋ ನೋಡಿಯೇ ಬಿಟ್ಟಿದ್ದಾರೆ. ಹಡ್ಸನ್ ಕೊಲ್ಲಿಯ ದಡದ 20 ಕರಡಿಗಳ ಕೊರಳಿಗೆ ಕ್ಯಾಮೆರಾ ಕಟ್ಟಿ ಮೂರು ವಾರ ಬಿಟ್ಟರು. 2024ರಲ್ಲಿ ಫಲಿತಾಂಶ ಬಂತು. ಕೆಲವು ಕರಡಿ ಹಣ್ಣು ತಿಂದವು, ಹುಲ್ಲು ಮೆಲ್ಲಿದವು, ಸತ್ತ ಹಕ್ಕಿ ತಿಂದವು, ಎಲುಬು ಕಡಿದವು. ಕೆಲವು ಏನೂ ಮಾಡದೆ ಬಿದ್ದುಕೊಂಡಿದ್ದವು. ಓಡಾಡಿ ತಿಂದವೂ ಇಳಿದವು, ಬಿದ್ದುಕೊಂಡವೂ ಇಳಿದವು. 20ರಲ್ಲಿ 19 ತೂಕ ಕಳೆದುಕೊಂಡವು, ಸರಾಸರಿ ದಿನಕ್ಕೆ ಒಂದು ಕಿಲೋ. ಹಣ್ಣು ಹುಡುಕಲು ಖರ್ಚಾದ ಶಕ್ತಿಗೂ ಹಣ್ಣಿನಿಂದ ಬಂದ ಶಕ್ತಿಗೂ ಸಮ. ಕೂಲಿ ದುಡ್ಡು ಬಸ್ ಚಾರ್ಜಿಗೇ ಹೋದ ಹಾಗೆ. ನಮ್ಮ ಕರಡಿ ನೂರು ನೂರೈವತ್ತು ಕಿಲೋದ ಪ್ರಾಣಿ, ಗೆದ್ದಲು ತಿಂದು ಬದುಕೀತು. ಇದರ ಗಂಡು ನಾನೂರು ಐನೂರು ಕಿಲೋ ತೂಗುತ್ತದೆ. ಒಂದು ದೊಡ್ಡ ಕರಡಿಗೆ ಹತ್ತು ಹನ್ನೆರಡು ದಿನಕ್ಕೊಂದು ಸೀಲ್ ಆದರೂ ಬೇಕು.

ಈಜಿಕೊಂಡು ಮಂಜುಗಡ್ಡೆ ಇರುವ ಕಡೆ ಹೋಗಲಿ ಅಂದರೆ ಅದನ್ನೂ ಮಾಡಿ ನೋಡಿದೆ. ಬ್ಯೂಫೋರ್ಟ್ ಸಮುದ್ರದಲ್ಲಿ ರೇಡಿಯೋ ಪಟ್ಟಿ ಕಟ್ಟಿದ್ದ ಒಂದು ಹೆಣ್ಣು ಕರಡಿ 2008ರಲ್ಲಿ ಒಂಬತ್ತು ದಿನ ಎಡೆಬಿಡದೆ ಈಜಿತು. 687 ಕಿಲೋಮೀಟರ್. ಇಲ್ಲಿಂದ ಬೆಂಗಳೂರನ್ನು ದಾಟಿ ಮುಂದೆ ಹೋದಷ್ಟು ದೂರ. ಮೈತೂಕದಲ್ಲಿ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಳಿದಿತ್ತು. ಜೊತೆಗೆ ಒಂದು ವರ್ಷದ ಮರಿ ಇತ್ತು. ಅದು ದಾಟಲಿಲ್ಲ.

ಯಾಕೆ ಇಷ್ಟು ಬೇಗ ಕರಗುತ್ತಿದೆ ಅನ್ನುವುದಕ್ಕೆ ಸ್ಲೈಡು ಬೇಡ. ನಮ್ಮ ಎರೆ ಹೊಲ ಸಾಕು. ಮೇ ತಿಂಗಳ ಮಧ್ಯಾಹ್ನ ಎರೆ ಮಣ್ಣಿನ ಮೇಲೆ ಬರಿಗಾಲಿನಲ್ಲಿ ನಡೆದವರಿದ್ದೀರಾ? ಕೈ ಎತ್ತಿದವರು ಬಹಳ. ಸುಣ್ಣ ಬಳಿದ ಮಾಳಿಗೆಯ ಮೇಲೆ ಮಾತ್ರ ಹೇಗೋ ಕಾಲಿಡಬಹುದು. ಕಪ್ಪು ಬಿಸಿಲನ್ನು ನುಂಗುತ್ತದೆ, ಬಿಳಿ ವಾಪಸ್ ಕಳಿಸುತ್ತದೆ. ಹಿಮ ಹೊದ್ದ ಮಂಜುಗಡ್ಡೆ ಬಿಸಿಲಿನ ನೂರರಲ್ಲಿ 80ಕ್ಕೂ ಹೆಚ್ಚು ಪಾಲನ್ನು ಆಕಾಶಕ್ಕೆ ತಿರುಗಿಸುತ್ತದೆ. ಅದು ಕರಗಿ ಕಡಲು ಬಯಲಾದರೆ ನೀರು ನೂರರಲ್ಲಿ 94 ಪಾಲನ್ನು ನುಂಗುತ್ತದೆ. ಅಂದರೆ ಸುಣ್ಣದ ಮಾಳಿಗೆ ಇದ್ದದ್ದು ಎರೆ ಹೊಲ ಆಯಿತು. ಬಿಸಿ ಏರಿತು, ಇನ್ನಷ್ಟು ಕರಗಿತು, ಇನ್ನಷ್ಟು ಕಪ್ಪಾಯಿತು. ಇದೂ ಒಂದು ದೊಡ್ಡ ಕಾರಣವಾಗಿ 1979ರಿಂದ ಈಚೆಗೆ ಉತ್ತರ ಧ್ರುವ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ಬಿಸಿಯಾಗಿದೆ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಮಂಜುಗಡ್ಡೆ ವರ್ಷದಲ್ಲೇ ಕಡಿಮೆ ಇರುತ್ತದೆ. 1980ರ ದಶಕದಲ್ಲಿ ಅದು ಸುಮಾರು 70 ಲಕ್ಷ ಚದರ ಕಿಲೋಮೀಟರ್ ಉಳಿಯುತ್ತಿತ್ತು, ಹೆಚ್ಚು ಕಡಿಮೆ ಎರಡು ಭಾರತದಷ್ಟು. 2012ರಲ್ಲಿ 34 ಲಕ್ಷಕ್ಕೆ ಇಳಿಯಿತು. ಒಂದು ಭಾರತ. ಆಮೇಲೆ ಸ್ವಲ್ಪ ಏರಿಳಿದಿದೆ, ಹಳೆಯ ಮಟ್ಟಕ್ಕೆ ಮಾತ್ರ ಮರಳಿಲ್ಲ.

ಅಂದಹಾಗೆ ಕರಡಿಯ ಮೈ ಬಿಳಿಯಲ್ಲ. ಕೂದಲಿಗೆ ಬಣ್ಣವೇ ಇಲ್ಲ, ಗಾಜಿನ ಎಳೆಯ ಹಾಗೆ. ಬೆಳಕು ಬಿದ್ದು ಬಿಳಿ ಕಾಣುತ್ತದೆ. ಕೂದಲ ಕೆಳಗಿನ ಚರ್ಮ ನಮ್ಮ ಎರೆ ಮಣ್ಣಿನಷ್ಟೇ ಕಪ್ಪು.

ಇನ್ನು ರಕ್ಷಣೆ. ಹಡ್ಸನ್ ಕೊಲ್ಲಿಯ ದಡದಲ್ಲಿ ಚರ್ಚಿಲ್ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 870, ನಮ್ಮ ಒಂದು ತಾಂಡಾದಷ್ಟು. ಕಡಲು ಹೆಪ್ಪುಗಟ್ಟುವುದನ್ನು ಕಾಯುವ ಹಸಿದ ಕರಡಿಗಳು ಪ್ರತಿ ಅಕ್ಟೋಬರ್, ನವೆಂಬರ್‌ನಲ್ಲಿ ಆ ಊರ ಹತ್ತಿರ ಸೇರುತ್ತವೆ. ಅಲ್ಲಿ ಬಹಳ ಜನ ಕಾರಿಗೆ ಬೀಗ ಹಾಕುವುದಿಲ್ಲ. ಕರಡಿ ಎದುರಾದರೆ ಯಾರು ಬೇಕಾದರೂ ಓಡಿ ಒಳಗೆ ಕೂರಲಿ ಅಂತ. ಊರೊಳಗೆ ಬಂದ ಕರಡಿಯನ್ನು ಪಟಾಕಿ ಹೊಡೆದು ಓಡಿಸುತ್ತಾರೆ. ಹೋಗದಿದ್ದರೆ ಬೋನಿನಲ್ಲಿ ಹಿಡಿದು, ಸೇನೆಯವರು ಬಿಟ್ಟುಹೋದ ಒಂದು ಹಳೇ ಕಟ್ಟಡದಲ್ಲಿ ಇಡುತ್ತಾರೆ. ಅದಕ್ಕೆ ಕರಡಿ ಜೈಲು ಅಂತಲೇ ಹೆಸರು. ಅಲ್ಲಿ ನೀರು ಮಾತ್ರ, ಊಟ ಇಲ್ಲ. ಊಟ ಹಾಕಿದರೆ ಮುಂದಿನ ವರ್ಷ ನೆಂಟರ ಮನೆಗೆ ಬಂದ ಹಾಗೆ ತಾನೇ ಬರುತ್ತದೆ. ಆಮೇಲೆ ಹೆಲಿಕಾಪ್ಟರಿನಲ್ಲಿ ದೂರ ಒಯ್ದು ಬಿಡುತ್ತಾರೆ. ಕರಡಿಗಳು ಮುತ್ತುತ್ತಿದ್ದ ಬಯಲು ಕಸದ ಗುಂಡಿಯನ್ನು ಮುಚ್ಚಿದ್ದಾರೆ. ಮೊದಲು ಊರಿಗೆ ಬಂದ ಕರಡಿಗೆ ಗುಂಡೇ ಗತಿ ಆಗಿತ್ತು, ಈಗ ಅದು ಅಪರೂಪ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2025ರಿಂದ ಕರಡಿಗೆ 300 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ. ಮಾರ್ಚ್‌ನಿಂದ ಜೂನ್ ತನಕ, ಮರಿಗಳ ಕಾಲದಲ್ಲಿ, 500 ಮೀಟರ್.

ಇವೆಲ್ಲ ಒಳ್ಳೆಯ ಕೆಲಸ, ಬೇಕೇ ಬೇಕು. ಆದರೆ ಇದರಿಂದ ಸಿಗುವುದು ಕಾಲಾವಕಾಶ ಮಾತ್ರ. ಹುಲಿಗೆ ಕಾಡು ಬಿಟ್ಟುಕೊಟ್ಟು ಬೇಲಿ ಹಾಕಬಹುದು. ಚಿಂಚೋಳಿಯ ಕಾಡನ್ನು ಅಭಯಾರಣ್ಯ ಅಂತ ಬರೆದು ಬೋರ್ಡು ನಿಲ್ಲಿಸಬಹುದು. ಮಂಜುಗಡ್ಡೆಗೆ ಎಲ್ಲಿ ಬೋರ್ಡು ನೆಡುತ್ತೀರಿ? ಗೋಶಾಲೆಯ ಹಾಗೆ ಕೂಡಿ ಹಾಕಿ ಮೇವು ಹಾಕಬಹುದಲ್ಲ ಅಂತ ಕೇಳುವವರಿದ್ದಾರೆ. ಹತ್ತು ದಿನಕ್ಕೊಂದು ಸೀಲ್ ತರುವವರು ಯಾರು? ಹಾಗೆ ಸಾಕಿದ ಮೇಲೆ ಅದು ಹಿಮಕರಡಿಯಾಗಿ ಉಳಿಯುವುದೂ ಅಷ್ಟರಲ್ಲೇ ಇದೆ.

ಸ್ವಾಲ್ಬಾರ್ಡ್ ಅಂದೆನಲ್ಲ, ಅಲ್ಲಿ ನಮ್ಮದೊಂದು ಗಂಟು ಇದೆ. ಗುಡ್ಡದೊಳಗೆ ಸುರಂಗ ಕೊರೆದು 2008ರಲ್ಲಿ ಜಗತ್ತಿನ ಬೀಜಗಳಿಗೆಲ್ಲ ಒಂದು ಹಗೇವು ಮಾಡಿದ್ದಾರೆ. ಒಳಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಬೀದರ್‌ನಿಂದ ಹೈದರಾಬಾದಿಗೆ ಹೋಗುವಾಗ ಪಟಾನ್‌ಚೆರು ಸಿಗುತ್ತದಲ್ಲ, ಅಲ್ಲಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಜೋಳ, ಸಜ್ಜೆ, ಕಡಲೆ, ಶೇಂಗಾ, ತೊಗರಿಯ ಬೀಜಗಳನ್ನು ಅಲ್ಲಿಗೆ ಕಳಿಸಿದೆ. ತೊಗರಿ ಕಣಜದವರಾದ ನಾವು ಇದನ್ನು ತಿಳಿದಿರಬೇಕು. 2022ರಲ್ಲಿ ನೆಟೆ ರೋಗ ಬಂದು ನಿಂತ ತೊಗರಿ ನಿಂತಲ್ಲೇ ಒಣಗಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಬೇರೆಲ್ಲ ಹೋದರೂ ಬೀಜ ಉಳಿಯಲಿ ಅಂತ ಮಾಡಿದ ಆ ಹಗೇವಿನ ಊರಿನಲ್ಲಿ, ಊರ ಗಡಿ ದಾಟುವ ಕಡೆ ಒಂದು ಬೋರ್ಡಿದೆ. ಅದರ ಮೇಲೆ ಹಿಮಕರಡಿಯ ಚಿತ್ರ, ಎಚ್ಚರಿಕೆ ಅಂತ. ನಮ್ಮ ತೊಗರಿಯ ಕಾವಲಿಗೆ ಕರಡಿ ನಿಂತ ಹಾಗಿದೆ. ಎಂದೂ ಕರಗದು ಅಂದುಕೊಂಡಿದ್ದ ಅಲ್ಲಿನ ನೆಲ ಸಡಿಲಾಗಿ, 2016ರ ಮಳೆಗೆ ಸುರಂಗದ ಬಾಯಲ್ಲಿ ನೀರು ನುಗ್ಗಿತು. ಬೀಜಕ್ಕೆ ಏನೂ ಆಗಲಿಲ್ಲ. ಆಮೇಲೆ ಬಾಗಿಲು ಭದ್ರ ಮಾಡಿದರು.

ಅದೇ ದ್ವೀಪದ ನಿ ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವೂ 2008ರಿಂದ ಇದೆ. ಹಾಗಾಗಿ ಅದು ಯಾರದೋ ದೇಶ, ಯಾರದೋ ಕರಡಿ ಅನ್ನುವ ಮಾತು ಇನ್ನು ಸಾಕು. ಹಾಗಂತ "ಕರಡಿ ಉಳಿದರೆ ನಾವು ಉಳಿದೇವು" ಅನ್ನುವ ಗೋಡೆಬರಹವೂ ನನಗೆ ಹಿಡಿಸುವುದಿಲ್ಲ. ಕರಡಿ ಕರಡಿಗಾಗಿಯೇ ಉಳಿಯಬೇಕು. ನಮಗೆ ಉಪಯೋಗ ಇದ್ದರೆ ಮಾತ್ರ ಬದುಕುವ ಹಕ್ಕು ಅಂದರೆ, ನಿವೃತ್ತಿಯಾದ ನನ್ನಂಥವರ ಗತಿ ಏನು?

2008ರಲ್ಲಿ ಅಮೆರಿಕ ಹಿಮಕರಡಿಯನ್ನು ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಸೇರಿಸುತ್ತಲೇ ಒಂದು ನುಣುಚು ಮಾತನ್ನೂ ಆಡಿತು. ಇಂಥ ಚಿಮಣಿಯ ಹೊಗೆಯಿಂದಲೇ ಇಂಥ ಕರಡಿಗೆ ಹಾನಿಯಾಯಿತು ಅಂತ ತೋರಿಸಲು ಆಗುವುದಿಲ್ಲ, ಆದ್ದರಿಂದ ಈ ಕಾಯ್ದೆ ಹಿಡಿದು ಹೊಗೆಯನ್ನು ಕೇಳುವಂತಿಲ್ಲ ಅಂತ. ಕರಡಿ ತಜ್ಞ ಸ್ಟೀವನ್ ಆಮ್‌ಸ್ಟ್ರಪ್ ಅವರು ಹವಾಮಾನ ವಿಜ್ಞಾನಿ ಸಿಸಿಲಿಯಾ ಬಿಟ್ಜ್ ಜೊತೆ ಸೇರಿ 2023ರಲ್ಲಿ ಇದಕ್ಕೆ ಉತ್ತರ ಬರೆದರು. ಇಷ್ಟು ಹೊಗೆಗೆ ಇಷ್ಟು ದಿನ ಉಪವಾಸ ಹೆಚ್ಚುತ್ತದೆ, ಅದರಿಂದ ಮರಿಗಳು ಉಳಿಯುವುದು ಇಷ್ಟು ಕಡಿಮೆಯಾಗುತ್ತದೆ ಅಂತ ಲೆಕ್ಕ ಕಟ್ಟಬಹುದು ಅಂತ ತೋರಿಸಿದರು. ಅದಕ್ಕೂ ಮೊದಲು, 2016ರಲ್ಲಿ, ಕಡಲ ಮಂಜುಗಡ್ಡೆಯ ವಿಜ್ಞಾನಿಗಳಾದ ಡಿರ್ಕ್ ನೋಟ್ಜ್ ಮತ್ತು ಜೂಲಿಯನ್ ಸ್ಟ್ರೋವ್ ಇನ್ನೊಂದು ಲೆಕ್ಕ ಕೊಟ್ಟಿದ್ದರು. ಒಂದು ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಟ್ಟರೆ ಸೆಪ್ಟೆಂಬರ್ ತಿಂಗಳ ಮಂಜುಗಡ್ಡೆಯಲ್ಲಿ ಮೂರು ಚದರ ಮೀಟರ್ ಹೋಗುತ್ತದೆ. ನನಗೆ ಈ ಲೆಕ್ಕ ಸಿಕ್ಕ ದಿನ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ನಾನು ಕಲಬುರಗಿಯವನು. ನಾನು ಸಿಮೆಂಟಿನ ನಾಡಿನವನು.

ಸೇಡಂ, ವಾಡಿ, ಚಿತ್ತಾಪುರ. ಈ ಕಡೆಯ ಚಿಮಣಿಗಳನ್ನು ರೈಲಿನಲ್ಲಿ ಹೋಗುವಾಗ ನೋಡಿದ್ದೀರಿ. ಕೋಟಿಗಟ್ಟಲೆ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಕೂತ ಸುಣ್ಣವೇ ಇಂದಿನ ನಮ್ಮ ಕಲ್ಲು. ಶಹಾಬಾದಿನ ಫರ್ಸಿಯೂ ಅದೇ, ಸಿಮೆಂಟಿಗೆ ಹೋಗುವುದೂ ಅದೇ. ನೂರು ಕಿಲೋ ಶುದ್ಧ ಸುಣ್ಣದ ಕಲ್ಲಿನೊಳಗೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಕಟ್ಟಿ ಕೂತಿರುತ್ತದೆ. ಫರ್ಸಿ ಮಾಡಿ ನೆಲಕ್ಕೆ ಹಾಸಿದರೆ ಅದು ಅಲ್ಲೇ ತಣ್ಣಗೆ ಇರುತ್ತದೆ, ನಮ್ಮ ಬೆನ್ನನ್ನೂ ತಣ್ಣಗಿಡುತ್ತದೆ. 1,450 ಡಿಗ್ರಿಯ ಭಟ್ಟಿಯಲ್ಲಿ ಸುಟ್ಟರೆ ಹಾರಿಹೋಗುತ್ತದೆ. ಸಿಮೆಂಟಿನ ಹೊಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿದ್ದಲಿನದಲ್ಲ, ಕಲ್ಲಿನದೇ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸಿಮೆಂಟಿನ ಪಾಲು ನೂರಕ್ಕೆ 7-8.

ಈಗ ಲೆಕ್ಕ ಮಾಡಿ. ನಮ್ಮ ದೇಶದಲ್ಲಿ ಒಂದು ಟನ್ ಸಿಮೆಂಟಿಗೆ ಅಂದಾಜು 600 ಕಿಲೋ ಡೈಆಕ್ಸೈಡ್ ಹೊರಬೀಳುತ್ತದೆ. 50 ಕಿಲೋ ಚೀಲಕ್ಕೆ 30 ಕಿಲೋ. ಟನ್ನಿಗೆ ಮೂರು ಚದರ ಮೀಟರ್ ಅಂದರೆ 30 ಕಿಲೋಗೆ 0.09 ಚದರ ಮೀಟರ್. ಅಂದರೆ ಮೂವತ್ತು ಸೆಂಟಿಮೀಟರ್ ಉದ್ದ, ಮೂವತ್ತು ಅಗಲ. ಇದು ಯಾವ ಅಳತೆ ಗೊತ್ತಾಯಿತಾ? ಒಂದು ಬೈ ಒಂದು ಅಡಿ ಫರ್ಸಿ. ಒಂದು ಚೀಲ ಸಿಮೆಂಟಿಗೆ ಒಂದು ಫರ್ಸಿಯಷ್ಟು ಬರ್ಫು. ಸಾವಿರ ಚದರ ಅಡಿಯ ಮನೆಗೆ ಸುಮಾರು 400 ಚೀಲ ಹಿಡಿಯುತ್ತದೆ. ನಾವು ಇಲ್ಲಿ ಮನೆ ಕಟ್ಟಿದಾಗ ಅಲ್ಲಿ 400 ಚದರ ಅಡಿ ಕರಡಿಯ ಹೊಲ ಹೋಯಿತು. ಸಿಮೆಂಟೊಂದೇ ಅಲ್ಲ. 13 ಲೀಟರ್ ಪೆಟ್ರೋಲ್ ಉರಿಸಿದರೂ ಒಂದು ಫರ್ಸಿ. ನಮ್ಮಲ್ಲಿ ಕರೆಂಟ್ ಬಹುಪಾಲು ಕಲ್ಲಿದ್ದಲಿನದು, ಹಾಗಾಗಿ 40 ಚಿಲ್ಲರೆ ಯೂನಿಟ್ಟಿಗೆ ಒಂದು ಫರ್ಸಿ. ಇದು ಸರಾಸರಿಯ ಲೆಕ್ಕ, ಚಿನ್ನ ತೂಗುವ ತಕ್ಕಡಿಯಲ್ಲ.

ಹಾಗಾದರೆ ಮನೆ ಕಟ್ಟಬಾರದೇ? ಮಣ್ಣಿನ ಮಾಳಿಗೆ ಮಳೆಗೆ ಕುಸಿದು ಜನ ಸತ್ತದ್ದನ್ನು ನೋಡಿದ ಊರುಗಳು ನಮ್ಮವು. ಪಕ್ಕಾ ಮನೆ ಬೇಡ ಅನ್ನುವ ಹಕ್ಕು ಯಾರಿಗೂ ಇಲ್ಲ. ಪಾಲಿನ ಲೆಕ್ಕವನ್ನೂ ನೋಡಿ. ಒಬ್ಬ ಭಾರತೀಯನ ವರ್ಷದ ಡೈಆಕ್ಸೈಡ್ ಸರಾಸರಿ ಎರಡು ಟನ್. ಫರ್ಸಿ ಲೆಕ್ಕದಲ್ಲಿ 65. ಒಬ್ಬ ಅಮೆರಿಕದವನದ್ದು ಸುಮಾರು 14 ಟನ್, 450 ಫರ್ಸಿ. ಮೊದಲು ಯಾರು ಕೈ ಬಿಗಿ ಹಿಡಿಯಬೇಕು ಅನ್ನುವುದರಲ್ಲಿ ನನಗೆ ಗೊಂದಲ ಇಲ್ಲ. ಆದರೆ ಸರಾಸರಿಯ ಹಿಂದೆ ಅಡಗಿಕೊಳ್ಳುವುದೂ ಸರಿಯಲ್ಲ. ಜೇವರ್ಗಿಯ ಕೂಲಿಯವಳ ಪಾಲನ್ನೂ ನಾಲ್ಕು ಎಸಿ ಇರುವ ಬಂಗಲೆಯವರ ಪಾಲನ್ನೂ ಕೂಡಿಸಿ ಭಾಗಿಸಿದರೆ ಬರುವುದು ಎರಡು ಟನ್.

ಮಾಡಬಹುದಾದ್ದು ಏನು? ಭಟ್ಟಿಗೆ ಹೋಗುವ ಕಲ್ಲನ್ನು ಕಡಿಮೆ ಮಾಡುವುದು. ಪಿಪಿಸಿ ಅಂತ ಚೀಲದ ಮೇಲೆ ಬರೆದಿರುತ್ತದಲ್ಲ, ಅದರಲ್ಲಿ ಮೂರರಲ್ಲಿ ಒಂದು ಪಾಲಿನ ತನಕ ಹಾರುಬೂದಿ ಇರುತ್ತದೆ, ಶಕ್ತಿನಗರದಂಥ ವಿದ್ಯುತ್ ಸ್ಥಾವರಗಳ ಬೂದಿ. ಆ ಬೂದಿ ಸಿಗಬೇಕಾದರೆ ಕಲ್ಲಿದ್ದಲು ಉರಿಯಲೇಬೇಕು ಅನ್ನುವುದು ಬೇರೆ ತಲೆನೋವು. ಇನ್ನೊಂದು ಬಗೆ ಬರುತ್ತಿದೆ. ಅದರಲ್ಲಿ ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ ಬೆರೆಸುತ್ತಾರೆ. ಡೈಆಕ್ಸೈಡ್ ಮೂರನೇ ಒಂದು ಪಾಲಿನ ಆಸುಪಾಸು ತಗ್ಗುತ್ತದೆ. ಕಲಬುರಗಿ ಕಲ್ಲು ಕೊಡುವ ಜಿಲ್ಲೆ ಮಾತ್ರ ಆಗಿರುವ ಬದಲು ಇದರಲ್ಲಿ ಮುಂದೆ ನಿಂತರೆ ಇಲ್ಲಿನ ಹುಡುಗರಿಗೆ ಕೆಲಸವೂ ಸಿಕ್ಕೀತು. ಕರಡಿ ಆಡಿಸುವವರ ಮಾತು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅದಕ್ಕೇ. ವಾಡಿಯ ಕಾರ್ಖಾನೆಯಲ್ಲಿ ದುಡಿಯುವವನ ಮನೆಯ ಒಲೆ ಆರಿಸಿ ಕರಡಿಯನ್ನು ಉಳಿಸುತ್ತೇವೆ ಅಂದರೆ ಅದು ನಡೆಯುವ ಮಾತಲ್ಲ.

ಇನ್ನು ಕಾಲ ಮೀರಿತೇ ಅನ್ನುವವರಿಗೆ ಒಂದು ವಿಷಯ. ಆಮ್‌ಸ್ಟ್ರಪ್ ಮತ್ತು ಜೊತೆಗಾರರು 2010ರಲ್ಲಿ ಇದನ್ನೇ ಲೆಕ್ಕ ಹಾಕಿದರು. ಹೊಗೆ ಹೀಗೇ ಏರಿದರೆ ಈ ಶತಮಾನದ ಮಧ್ಯಭಾಗದೊಳಗೆ ಮೂರರಲ್ಲಿ ಎರಡು ಪಾಲು ಕರಡಿಗಳು ಹೋಗುತ್ತವೆ ಅಂತ 2007ರಲ್ಲಿ ಹೇಳಿದವರೂ ಅವರೇ. ಆದರೆ ಮಂಜುಗಡ್ಡೆ ಒಂದು ಹಂತ ದಾಟಿದ ಕೂಡಲೇ ಧಡಕ್ಕನೆ ಪೂರ್ತಿ ಹೋಗಿಬಿಡುತ್ತದೆ ಅನ್ನುವಂಥದ್ದು ಅವರಿಗೆ ಕಾಣಲಿಲ್ಲ. ಬಿಸಿ ಏರಿದಷ್ಟು ಕರಗುತ್ತದೆ, ಏರುವುದು ನಿಂತರೆ ಕರಗುವುದೂ ನಿಲ್ಲುತ್ತದೆ. ಹಾಗಾಗಿ ಒಂದೊಂದು ಚೀಲಕ್ಕೂ ಲೆಕ್ಕ ಇದೆ.

ಮಾತು ಮುಗಿಸಿ ನೀರು ಕುಡಿಯುತ್ತಿದ್ದೆ. ಹತ್ತೂವರೆಯಾಗಿತ್ತು, ಕರೆಂಟ್ ಇನ್ನೂ ಬಂದಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದರು. ಕಾಲೇಜಿನ ಹೊಸ ಕೋಣೆ ಕಟ್ಟುತ್ತಿದ್ದ ಗೌಂಡಿ. ಸುಮ್ನೆ ಒಳಗೆ ಬಂದು ಕೂತಿದ್ದರಂತೆ.

"ಸರ, ಮಾಲಕರು ಮಾಲು ಗಟ್ಟಿ ಆಗ್ಲಿ ಅಂತ ಲೆಕ್ಕಕ್ಕಿಂತ ಜಾಸ್ತಿ ಸಿಮೆಂಟ್ ಹಾಕಸ್ತಾರ್ರಿ. ಅದರಿಂದ ಗ್ವಾಡಿ ಗಟ್ಟಿ ಆಗಲ್ಲ, ಬಿರಕ್ ಬಿಡ್ತದ. ನಾವು ಹೇಳಿದ್ರ ಕೇಳಲ್ಲ."

"ಎಷ್ಟು ಜಾಸ್ತಿ ಹೋಗ್ತದಣ್ಣ?"

"ಒಂದು ಮನಿಗಿ ಏನಿಲ್ಲಂದ್ರೂ ಇಪ್ಪತ್ತು ಚೀಲ." ಅವರು ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತರು. ಕಾಲಿನ ಹೆಬ್ಬೆರಳಿನಿಂದ ಎರಡು ಫರ್ಸಿಗಳ ನಡುವಿನ ಸಂದು ಸವರಿದರು.

"ನೀವು ಹೇಳಿದ್ದು ಒಂದು ಬೈ ಒಂದು ಫರ್ಸಿ, ಹೌದಿಲ್ರಿ?"

"ಹೌದು."

"ಇಲ್ಲಿ ಹಾಸಿದ್ದು ಎಲ್ಲಾ ಎರಡು ಬೈ ಎರಡು ಅದಾವ್ರಿ," ಅಂದರು. "ಅಂದ್ರ ಈ ಒಂದು ಕಲ್ಲಿಗಿ ನಾಕು ಚೀಲ." ಮತ್ತೆ ಬಾಗಿಲ ತನಕ ಕಲ್ಲುಗಳನ್ನು ಎಣಿಸುತ್ತಾ ಹೋದರು.